ಅಂಟು ಹಿಡಿಯುವ ಹೊತ್ತು

ಬಿಸಿ ಅಂಟಿಗೆ ಒಂದೇ ನಿಮಿಷದ ಆಯುಷ್ಯ. ಅಷ್ಟರೊಳಗೆ ಹಲಗೆಗೆ ಒಳಗಿನಿಂದ ಆಸರೆ ಕೊಡುವ ಮರದ ಪಟ್ಟಿಯನ್ನು ಅದರ ಮೇಲಿಟ್ಟು ಕ್ಲಾಂಪು ಬಿಗಿಯಬೇಕು. ನಾನು ಅಂಟು ಹಚ್ಚಿ ಮುಗಿಸಿದ್ದೆನಷ್ಟೇ, ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಮನೆಯಿಂದ. ಕೈ ತಾನಾಗಿಯೇ ಅತ್ತ ಹೋಯಿತು. ಇಪ್ಪತ್ತೆಂಟು ವರ್ಷದ ಅಭ್ಯಾಸ.

ಅತ್ತೆಯ ಮಾತ್ರೆಗಳಲ್ಲಿ ಮೊದಲು ಬಿಳಿಯದೋ ಹಳದಿಯದೋ ಎಂದು ಇವರು ಕೇಳಿದರು. ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ನಾನೇ ಬರೆದಿಟ್ಟಿದ್ದೆ. ಉತ್ತರ ಹೇಳಿ ತಿರುಗುವಷ್ಟರಲ್ಲಿ ಅಂಟು ಕೆನೆಗಟ್ಟಿತ್ತು. ಒರೆಸಿ ಮತ್ತೆ ಹಚ್ಚಬೇಕಿತ್ತು. ಬೆಳಗ್ಗೆ ಐದಕ್ಕೆ ಎದ್ದ ಸೊಂಟ ಒಲ್ಲೆ ಎಂದಿತು. ಹಾಗೇ ಒತ್ತಿ ಬಿಗಿದೆ.

ಅದು ನನ್ನ ಮೊದಲ ಗಿಟಾರಿನ ಮುಂದಿನ ಹಲಗೆ. ಎರಡೂವರೆ ವರ್ಷ ಮೇಸ್ತ್ರಿಯ ಬಳಿ ಬೇರೆಯವರ ಗಿಟಾರುಗಳ ಬಿರುಕು ಮುಚ್ಚಿದ ಮೇಲೆ ಸಿಕ್ಕ ಕೆಲಸ. ಇದು ಸರಿಯಾಗಿ ನುಡಿದರೆ ಒಳಗೆ ನಿನ್ನ ಹೆಸರಿನ ಚೀಟಿ ಅಂಟಿಸು ಎಂದಿದ್ದರು. ಮಾತ್ರೆ ಡಬ್ಬಿಗೆ ಬರೆದ ಪೆನ್ನಿನಲ್ಲೇ ಚೀಟಿ ಬರೆದು ಪರ್ಸಿನಲ್ಲಿಟ್ಟುಕೊಂಡಿದ್ದೆ. ಮನೆಯಲ್ಲಿ ಅತ್ತೆ ಮಾತ್ರ, "ಇಷ್ಟು ಹೊತ್ತಿಗೆ ಒಂದು ಮಂಚ ಆಗ್ತಿತ್ತಲ್ಲೇ," ಎನ್ನುತ್ತಿದ್ದರು.

ಮರುದಿನ ಕ್ಲಾಂಪು ತೆಗೆದಾಗ ಕಣ್ಣಿಗೆ ಯಾವ ಸಂದೂ ಕಾಣಲಿಲ್ಲ. ಮೇಸ್ತ್ರಿ ಹೆಬ್ಬೆರಳಾಡಿಸಿ, ಹಿಂಬದಿಯ ಹಲಗೆ ಕೂರಿಸಿ ಮುಚ್ಚಬಹುದು ಎಂದರು. ತಟ್ಟಿ ನೋಡಲಿಲ್ಲ. ಈಚೆಗೆ ನನ್ನ ಕೆಲಸವನ್ನು ಅವರು ತಟ್ಟಿ ನೋಡುವುದಿಲ್ಲ.

ಅವರು ಅತ್ತ ಹೋದ ಮೇಲೆ ನಾನೇ ತಟ್ಟಿದೆ. ಸುತ್ತಲೂ ತುಂಬಿದ ದನಿ. ಆ ಪಟ್ಟಿಯ ಬಳಿ ಮಾತ್ರ ನೆಗಡಿಯಾದವರ ಗಂಟಲು. ಮುಚ್ಚಿಬಿಟ್ಟರೆ ಯಾರಿಗೂ ಕಾಣದು. ತಂತಿ ಎಳೆದೆಳೆದು ಒಂದೆರಡು ವರ್ಷಕ್ಕೆ ಪಟ್ಟಿ ಕಿತ್ತು ಬರುತ್ತದೆ, ಅಷ್ಟೇ. ಪಕ್ಕದಲ್ಲೇ ನನ್ನ ಹೆಸರಿರುತ್ತದೆ.

ಪರ್ಸಿನಿಂದ ಚೀಟಿ ತೆಗೆದು ನೋಡಿ, ಮತ್ತೆ ಒಳಗಿಟ್ಟೆ. ಆಮೇಲೆ ಹೋಗಿ ಮೇಸ್ತ್ರಿಗೆ ಹೇಳಿದೆ.

"ಬಿಚ್ಚೋದು ಗೊತ್ತಲ್ಲಮ್ಮ?" ಎಂದರು, ತಲೆಯೆತ್ತದೆ.

ಗೊತ್ತಿತ್ತು. ಅಲಗು ಬಿಸಿ ಮಾಡಿ, ಹನಿ ನೀರು ಬಿಟ್ಟು, ಕೂದಲೆಳೆಯಷ್ಟು ಕೂದಲೆಳೆಯಷ್ಟು ತಳ್ಳಬೇಕು. ಆತುರಪಟ್ಟರೆ ಹಲಗೆಯ ಎಳೆಯೇ ಎದ್ದು ಬರುತ್ತದೆ. ಪಟ್ಟಿ ಬಿಡುವ ಹೊತ್ತಿಗೆ ಸಂಜೆಯಾಗಿತ್ತು.

ಮನೆಗೆ ಹೋಗಿ ಅನ್ನ ಬಡಿಸುತ್ತಾ ಇವರಿಗೆ ಹೇಳಿದೆ: "ನಾಳೆ ಮೂರರಿಂದ ಮೂರೂಕಾಲು ನಾನು ಫೋನ್ ಎತ್ತಲ್ಲ."

"ಏನಾದ್ರೂ ಅರ್ಜೆಂಟ್ ಇದ್ರೆ?"

"ಮುಚ್ಚಳ ಓದಿ."

ಇವರು ತುತ್ತು ಕೈಯಲ್ಲೇ ಹಿಡಿದು, ನಾನು ಊರು ಬಿಟ್ಟು ಹೊರಟವಳೇನೋ ಎಂಬಂತೆ ನೋಡಿದರು. ಹದಿನೈದು ನಿಮಿಷ. ಅದನ್ನು ಕೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಮರುದಿನ ಮೂರು ಗಂಟೆ ಐದು ನಿಮಿಷಕ್ಕೆ ಅಂಟು ಹಚ್ಚಿದೆ. ಫೋನು ಬಡಿದುಕೊಂಡಿತು. ಪಟ್ಟಿ ಇಟ್ಟೆ, ಒಂದಾದ ಮೇಲೊಂದು ಆರು ಕ್ಲಾಂಪು ಬಿಗಿದೆ. ಫೋನು ತಾನಾಗಿಯೇ ಸುಮ್ಮನಾಯಿತು. ಅಂಚಿನುದ್ದಕ್ಕೂ ಅಂಟಿನ ಸಣ್ಣ ಮಣಿಗಳು ಸಾಲಾಗಿ ಉಕ್ಕಿದ್ದವು. ಈ ಸಲ ಹಿಡಿದಿತ್ತು.

ಮೂರೂಕಾಲಿಗೆ ನಾನೇ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಅತ್ತೆ.

"ಅವನಿಗೆ ಓದೋಕೆ ಬರುತ್ತೆ ಕಣೇ," ಎಂದರು. "ಇವತ್ತು ಗೊತ್ತಾಯ್ತು."

ನಗಬೇಕೆನಿಸಿತು. ಆದರೆ ಇಷ್ಟು ಹೊತ್ತು ಹಲ್ಲು ಕಚ್ಚಿದ್ದ ದವಡೆಯೂ ದಣಿದಿತ್ತು.