ನಲವತ್ತಾರು ಮರದ ಕೊಟ್ಟಿಗೆ

ಬಡಗಿ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅದರಲ್ಲಿ ಎಂಟು ಮಾತು ಹಸುಗಳ ಪಾಲಿಗೆ ಹೋಗುತ್ತಿದ್ದವು. ಉಳಿದೆರಡು ಹೆಂಡತಿಗೆ: ಬೆಳಿಗ್ಗೆ ಒಂದು ‘ಹೂಂ’, ಸಂಜೆ ಒಂದು ‘ಊಹೂಂ’. ಹಾಗಾಗಿ ಕೊಟ್ಟಿಗೆಯ ತಪಾಸಣೆಗೆ ಆಫೀಸರಮ್ಮ ಬರುತ್ತಾರೆಂದು ಗೊತ್ತಾದಾಗ ಮನೆಯಲ್ಲಿ ಅವನ ಬಾಯಿಯ ಬಗ್ಗೆ ಯಾರೂ ಚಿಂತೆ ಮಾಡಲಿಲ್ಲ. ಚಿಂತೆಯೆಲ್ಲ ಅವನ ಭಾವಮೈದುನನ ಬಾಯಿಯದು.

ಕೊಟ್ಟಿಗೆ ಬಡಗಿಯ ಮುತ್ತಾತ ಕಟ್ಟಿದ್ದು. ಕಂಬ, ತೊಲೆ, ಜಂತೆ ಎಲ್ಲ ಸೇರಿ ನಲವತ್ತಾರು ಮರ. ಕೆಳಗೆ ಐದು ಹಸು, ಅಟ್ಟದ ಮೇಲೆ ವರ್ಷದ ಹುಲ್ಲು, ಬಾಗಿಲ ಪಕ್ಕದ ಮೂಲೆಯಲ್ಲಿ ಬಡಗಿಯ ಮಣೆ, ಬಾಚಿ, ಉಳಿ. ಹೋದ ವರ್ಷ ನಡುತೊಲೆ ಬಿರುಕು ಬಿಟ್ಟಿತು. ಬೆರಳು ಹೋಗುವಷ್ಟು ಇದ್ದದ್ದು ಕೈ ಹೋಗುವಷ್ಟಾಯಿತು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮರು ಸರ್ಕಾರಿ ಕಚೇರಿಗೆ ದೂರು ಕೊಟ್ಟರು. ಆರು ತಿಂಗಳೊಳಗೆ ತೊಲೆ ಭದ್ರ ಮಾಡಬೇಕು, ಇಲ್ಲದಿದ್ದರೆ ಕೊಟ್ಟಿಗೆ ಕೆಡವಬೇಕು ಎಂದು ಬಾಗಿಲಿಗೆ ನೋಟೀಸು ಅಂಟಿತು. ಅಂಥ ತೊಲೆಗೆ ಬೇಕಾದ ಮರ ತರುವುದು, ಯಂತ್ರ ಕರೆಸಿ ಎತ್ತಿಸುವುದು ಈ ಮನೆಯ ಕೈಲಾಗುವ ಕೆಲಸವಲ್ಲ.

ಹಳೆಯ ಕಟ್ಟಡಗಳಿಗೆ ಅದೇ ಕಚೇರಿಯಿಂದ ಅನುದಾನ ಸಿಗುತ್ತದೆಂಬ ಸುದ್ದಿ ತಂದವನು ಭಾವಮೈದುನ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ನಿವೃತ್ತನಾದ ಮನುಷ್ಯ. ಇಪ್ಪತ್ತೆರಡು ಪುಟದ ಅರ್ಜಿಯನ್ನು ಊಟದ ಮೇಜಿನ ಮೇಲೆ ಹರಡಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತ.

“ಫಾರಂ ಅಂದ್ರೆ ನಾವು ಹೆದರಬಾರ್ದು ಅಕ್ಕ. ಅದು ನಮ್ಮನ್ನ ನೋಡಿ ಹೆದರಬೇಕು.”

“ಸಾಕು ಮಾಡೋ, ಬರಿ ಮೊದಲು,” ಎಂದಳು ಅಕ್ಕ.

ತೊಲೆಯೊಂದಕ್ಕೇ ಕೇಳುವುದು ಅವನಿಗೆ ಮರ್ಯಾದೆ ಅನಿಸಲಿಲ್ಲ. ಕೊಡುವವರು ಪೂರ್ತಿ ಕೊಡಲಿ ಎಂದು ಮೇಲಿನ ಮಾಡು, ನೆಲ, ಅಟ್ಟ, ಬಾಗಿಲು ಎಲ್ಲವನ್ನೂ ಬರೆದ. ಹದಿನೇಳನೇ ಪ್ರಶ್ನೆಗೆ ಬಂದಾಗ ಲೇಖನಿ ನಿಂತಿತು. ಕಳೆದ ನೂರು ವರ್ಷದಲ್ಲಿ ಕಟ್ಟಡದ ಯಾವ ಯಾವ ಭಾಗ ಬದಲಾಗಿದೆ? ನೂರು ವರ್ಷಕ್ಕಿಂತ ಹಳೆಯದಕ್ಕೆ ಮಾತ್ರ ಅನುದಾನವೆಂದು ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

“ಭಾವ, ಏನಾದ್ರೂ ಬದಲಾಯಿಸಿದ್ದೀರಾ?”

ಬಡಗಿ ಉಳಿ ಮಸೆಯುತ್ತಿದ್ದವನು “ಹೂಂ” ಎಂದ.

“ಎಷ್ಟು?”

ಬಡಗಿ ಉಳಿಯ ಅಲಗನ್ನು ಹೆಬ್ಬೆರಳಿಗೆ ತಾಗಿಸಿ ನೋಡಿ, ಯೋಚಿಸಿ, “ಸುಮಾರು” ಎಂದ.

“ಮರ ತೆಗೆದು ಮರಾನೇ ತಾನೆ ಹಾಕಿದ್ದು? ಇಟ್ಟಿಗೆ ಹಾಕಿದ್ರಾ? ಕಬ್ಬಿಣ ಹಾಕಿದ್ರಾ? ಇದ್ದ ಜಾಗದಲ್ಲೇ ಇದೆ, ಅದೇ ಹಸು, ಅದೇ ಸಗಣಿ. ಬದಲಾಗಿದ್ದು ಏನು ಮಣ್ಣು?” ಎಂದು ಭಾವಮೈದುನ ‘ಏನೂ ಇಲ್ಲ’ ಎಂದು ಬರೆದುಬಿಟ್ಟ. ಬಡಗಿ ತೋರಿಸಿದ ಕಡೆ ಸಹಿ ಹಾಕಿದ. ಸಹಿ ಹಾಕಲು ಅವನಿಗೆ ಜಂತೆ ಕೆತ್ತುವಷ್ಟು ಹೊತ್ತು ಬೇಕು. ಓದಿ ನೋಡುವ ಗೋಜಿಗೆ ಹೋಗಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆಯೇ ಅಕ್ಕತಮ್ಮನಿಗೆ ಜಗಳ ಹತ್ತಿತು. ಅಕ್ಕ ಉದ್ದ ಪೊರಕೆ ಹಿಡಿದು ಜೇಡರ ಬಲೆ ತೆಗೆಯುತ್ತಿದ್ದಳು. ತಮ್ಮ ಹಿಂದಿನಿಂದ ಪೊರಕೆ ಎಳೆಯುತ್ತಿದ್ದ.

“ಬಲೆ ಇರ್ಲಿ ಬಿಡಕ್ಕ! ಕಟ್ಟಡ ಹಳೇದು ಅನ್ನೋಕೆ ಅದೇ ನಮ್ಮ ಸಾಕ್ಷಿ!”

“ನಿನ್ನ ಸಾಕ್ಷಿ ನಿನ್ನ ಮನೇಲಿಟ್ಕೋ. ಬಂದವರು ಈ ಮನೆ ಹೆಂಗಸು ಸೋಮಾರಿ ಅಂದ್ಕೊಂಡು ಹೋಗ್ಬೇಕಾ? ಮತ್ತೆ ಕೇಳ್ಸ್ಕೋ, ಅವರು ಬಂದಾಗ ನೀನು ಬಾಯಿ ಬಿಡಬಾರ್ದು. ಕೆಮ್ಮೂ ಕೂಡದು.”

“ಭಾವಂಗೆ ಏನೂ ಹೇಳಲ್ವಾ?”

“ಅವರಿಗೇನು ಹೇಳೋದು? ಮಾತಾಡಿ ಅಂತ ನಲವತ್ತು ವರ್ಷದಿಂದ ಹೇಳ್ತಾ ಇದ್ದೀನಿ. ಆಡಿದ್ರೆ ತಾನೆ!”

ಆಫೀಸರಮ್ಮ ಬಂದರು. ಎತ್ತರದ ಹೆಂಗಸು, ನರೆತ ಕೂದಲು, ಕಾಲಿಗೆ ಗಂಡಸರ ಬೂಟು, ಕೈಯಲ್ಲಿ ಟಾರ್ಚು, ಕೊರಳಲ್ಲಿ ನೇತಾಡುವ ಭೂತಗನ್ನಡಿ. ಕುರ್ಚಿ ಹಾಕಿದರೆ ಕೂರಲಿಲ್ಲ. ನೇರ ಕೊಟ್ಟಿಗೆಗೆ ನುಗ್ಗಿ, ಹಸುವೊಂದರ ಬೆನ್ನು ತಟ್ಟಿ ಪಕ್ಕಕ್ಕೆ ಸರಿಸಿ, ಮೊದಲನೇ ಕಂಬಕ್ಕೆ ಟಾರ್ಚು ಬಿಟ್ಟರು. ದನಗಳು ಮೈಯುಜ್ಜಿ ಉಜ್ಜಿ ಆ ಕಂಬ ಕನ್ನಡಿಯಾಗಿತ್ತು. ಕಂಬಕ್ಕೂ ತೊಲೆಗೂ ಬೆಸುಗೆಯಾದ ಕಚ್ಚನ್ನು ಆಕೆ ಬೆರಳಿನಿಂದ ಸವರಿದರು. ಉಗುರು ಎಲ್ಲೂ ಸಿಕ್ಕಲಿಲ್ಲ.

“ಆಹಾ! ಒಂದು ಮೊಳೆ ಇಲ್ಲ ನೋಡಿ. ನೂರೈವತ್ತು ವರ್ಷಕ್ಕೆ ಕಮ್ಮಿ ಇಲ್ಲ ಇದು.”

ಅದನ್ನು ಬಡಗಿ ಹಾಕಿ ಹನ್ನೊಂದು ವರ್ಷವಾಗಿತ್ತು. ಅವನ ಕಿವಿ ಬಿಸಿಯಾಯಿತು. ಹೆಂಡತಿ ಅವನ ಕಡೆ ನೋಡಲೂ ಇಲ್ಲ. ಅವಳು ತಮ್ಮನ ಕಾಲು ತುಳಿದುಕೊಂಡು ನಿಂತಿದ್ದಳು.

ಮೂರನೇ ಕಂಬದ ಹತ್ತಿರ ಆಫೀಸರಮ್ಮ ಭೂತಗನ್ನಡಿ ಹಿಡಿದರು. “ಎಂಥಾ ಕೈ! ಕೂದಲು ತೂರಿಸೋಕೆ ಜಾಗ ಇಲ್ಲ.”

ಬಡಗಿಗೆ ಅಪ್ಪನ ನೆನಪಾಯಿತು. ಅಪ್ಪ ತಲೆಯಿಂದ ಒಂದು ಕೂದಲು ಕಿತ್ತು ಕಚ್ಚಿನ ಸಂದಿಗೆ ತೂರಿಸಿ ನೋಡುತ್ತಿದ್ದ. ಕೂದಲು ಹೋಯಿತೋ, ಕೊಡತಿಯ ಹಿಡಿಯಿಂದ ಬೆರಳ ಗೆಣ್ಣಿಗೆ ಒಂದು ಬೀಳುತ್ತಿತ್ತು. ಹೋಗದಿದ್ದರೆ ಏನೂ ಹೇಳುತ್ತಿರಲಿಲ್ಲ, ಎದ್ದು ಊಟಕ್ಕೆ ಹೋಗುತ್ತಿದ್ದ. ಹೊಡೆತ ತಪ್ಪಿದ್ದೇ ಶಭಾಷ್‌ಗಿರಿ. ಅದಾದ ಮೇಲೆ ಐವತ್ತು ವರ್ಷದಲ್ಲಿ ಈ ಕೆಲಸ ನೋಡಿದ್ದು ಹಸುಗಳು ಮಾತ್ರ. ಅವೂ ಏನೂ ಹೇಳಿರಲಿಲ್ಲ.

ಆಫೀಸರಮ್ಮ ನಿಟ್ಟುಸಿರು ಬಿಟ್ಟರು. “ಈ ವಿದ್ಯೆ ಸತ್ತೇ ಹೋಯ್ತು. ಈಗಿನ ಯಾವ ಬಡಗಿಗೂ ಇದು ಬರಲ್ಲ.”

“ನಂದು,” ಎಂದ ಬಡಗಿ.

ಎಲ್ಲರೂ ತಿರುಗಿ ನೋಡಿದರು. ಹಸುಗಳೂ ನೋಡಿದವು.

“ಏನಂದ್ರಿ ಯಜಮಾನ್ರೇ?”

“ಆ ಕಂಬ ನಾನು ಹಾಕಿದ್ದು.”

ಆಫೀಸರಮ್ಮ ನಕ್ಕರು. ಬಡಗಿಗೆ ಅವರ ನಗು ಚುರುಕ್ಕೆಂದಿತು. “ಮೂವತ್ತು ವರ್ಷದಿಂದ ಹಳೇ ಮರ ನೋಡ್ತಾ ಇದ್ದೀನಿ. ನಿಮ್ಮ ಅರ್ಜಿಯಲ್ಲೇ ಏನೂ ಬದಲಾಗಿಲ್ಲ ಅಂತಿದೆ. ಸುಮ್ಮನೆ ತಮಾಷೆ ಮಾಡ್ಬೇಡಿ.”

“ಹೌದು ಮೇಡಂ, ತಮಾಷೆ! ನಮ್ಮ ಭಾವ ಭಾರಿ ತಮಾಷೆ ಮನುಷ್ಯ!” ಎಂದು ಭಾವಮೈದುನ ಕೂಗಿದ. ನಲವತ್ತು ವರ್ಷದಲ್ಲಿ ಭಾವ ಒಂದು ತಮಾಷೆಯನ್ನೂ ಮಾಡಿರಲಿಲ್ಲ.

“ರೀ,” ಎಂದಳು ಹೆಂಡತಿ ಹಲ್ಲು ಕಚ್ಚಿ. “ನಿಮಗೆ ಬಿಸಿಲು ಹತ್ತಿದೆ. ಒಳಗೆ ನಡೀರಿ.”

ಬಡಗಿ ಒಳಗೆ ಹೋಗಲಿಲ್ಲ. ಮಣೆಯ ಮೇಲೆ ಕೂತ. ಎರಡು ತುಂಡು ಮರ ಎಳೆದುಕೊಂಡ. ಗೆರೆ ಹಾಕಲಿಲ್ಲ, ಅಳೆಯಲಿಲ್ಲ. ಕೊಡತಿ ಉಳಿಯ ಮೇಲೆ ಟಕಟಕ ಬೀಳತೊಡಗಿತು. ಆಫೀಸರಮ್ಮ ಕುರ್ಚಿ ಬೇಡವೆಂದವರು ಈಗ ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತರು. ಹೆಂಡತಿ ತಂದಿಟ್ಟ ಚಹಾ ಅವರ ಕೈಯಲ್ಲೇ ಆರಿತು. ಬಡಗಿ ಎರಡು ತುಂಡನ್ನು ಸೇರಿಸಿ, ಒಂದು ಬೆಣೆ ಬಡಿದು, ಅವರ ಮುಂದೆ ಹಿಡಿದ. ಆಕೆ ತಮ್ಮದೇ ನರೆಗೂದಲೊಂದನ್ನು ಕಿತ್ತು ಸಂದಿಗೆ ತೂರಿಸಲು ನೋಡಿದರು. ಹೋಗಲಿಲ್ಲ.

ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, “ಬೇರೆ ಯಾವುದು ನಿಮ್ಮದು?” ಎಂದರು.

ಅಷ್ಟು ಸಾಕಾಯಿತು. ನಲವತ್ತು ವರ್ಷದ ಮಾತು ಕಟ್ಟೆಯೊಡೆದು ಬಂತು. ಬಡಗಿ ಕೊಡತಿ ಹಿಡಿದು ಒಂದೊಂದೇ ಮರಕ್ಕೆ ಕುಟ್ಟುತ್ತ ನಡೆದ. “ಇದು ನಂದು. ಕುಂಟಿ ಮೊದಲನೇ ಕರು ಹಾಕಿದ ವರ್ಷ. ಇದೂ ನಂದು. ಇದು ಕೆಂಪಿಗೆ ಅವಳಿ ಹುಟ್ಟಿದ ವರ್ಷ, ಅವು ಹುಟ್ಟೋ ಹಿಂದಿನ ವಾರ ಹಾಕಿದ್ದು. ಈ ಜಂತೆ ನಮ್ಮ ಮದುವೆ ದಿನ ಬೆಳಿಗ್ಗೆ...”

“ಮದುವೆ ದಿನಾನಾ? ಅದಕ್ಕೇನಾ ಅವತ್ತು ತಡವಾಗಿ ಬಂದಿದ್ದು?” ಎಂದಳು ಹೆಂಡತಿ.

ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಕೊಡತಿ ಒಂದೊಂದು ಸಲ ಬಿದ್ದಾಗಲೂ ಹೆಂಡತಿಗೆ ಕೊಟ್ಟಿಗೆ ಒಂದೊಂದು ಮೊಳ ಕುಸಿದಂತಾಗುತ್ತಿತ್ತು. ಮಾಡು ಹೋಯಿತು, ಅಟ್ಟ ಹೋಯಿತು, ಬಾಗಿಲು ಹೋಯಿತು. ಭಾವಮೈದುನ ಹುಲ್ಲಿನ ಮೇಲೆ ತಲೆ ಹಿಡಿದು ಕೂತ.

“ಅದು?” ಎಂದು ಆಫೀಸರಮ್ಮ ಕೊನೆಗೆ ಮೇಲೆ ತೋರಿಸಿದರು. ಬಿರುಕು ಬಿಟ್ಟ ನಡುತೊಲೆ.

ಬಡಗಿ ತಲೆಯೆತ್ತಿ ನೋಡಿ ಮುಖ ಸಿಂಡರಿಸಿದ. “ಅದು ನಂದಲ್ಲ ಅಮ್ಮಾ. ಮುತ್ತಾತಂದು. ಕೆಲಸ ಸ್ವಲ್ಪ ಒರಟು. ನೀವು ಮನಸ್ಸಿಗೆ ಹಚ್ಕೋಬೇಡಿ.”

ಆಫೀಸರಮ್ಮ ಏಣಿ ಹತ್ತಿ ನೋಡಿದರು. ಒರಟೇ ಹೌದು. ಕಚ್ಚಿನ ಸಂದಿಯಲ್ಲಿ ಕೂದಲೇನು, ಹಸುವಿನ ಬಾಲವೇ ತೂರುವಂತಿತ್ತು. ಇಳಿದು ಬಂದು, ಭಾವಮೈದುನನ ಮುಂದೆ ಹದಿನೇಳನೇ ಪ್ರಶ್ನೆಯ ಪುಟ ಇಟ್ಟರು.

“ಕೂತ್ಕೊಳ್ಳಿ. ಇದನ್ನ ಮತ್ತೆ ಬರೀರಿ. ನಲವತ್ತೈದು ಮರ, ಒಂದೊಂದಕ್ಕೂ ಒಂದೊಂದು ಸಾಲು. ವರ್ಷ ಸಮೇತ.”

“ವರ್ಷ... ಹಸು ಲೆಕ್ಕದಲ್ಲಿ ಬರೀಲಾ ಮೇಡಂ?”

“ಹೇಗಾದ್ರೂ ಬರೀರಿ. ನಿಜ ಬರೀರಿ.”

“ನಮ್ಮ ಕೊಟ್ಟಿಗೆ ಏನಾಗುತ್ತಮ್ಮಾ?” ಎಂದು ಹೆಂಡತಿ ಕೇಳಿದಳು.

“ನಾನೊಬ್ಬಳೇ ಹೇಳೋ ಹಾಗಿಲ್ಲ. ಮೇಲಿನವರು ನೋಡ್ಬೇಕು,” ಎಂದು ಆಫೀಸರಮ್ಮ ಹೊರಟರು. ಹೊರಡುವಾಗ ಆ ಎರಡು ತುಂಡು ಮರದ ಬೆಸುಗೆಯನ್ನು ಕೇಳಿ ತೆಗೆದುಕೊಂಡು ಹೋದರು.

ಆಮೇಲೆ ಏಳು ವಾರ ಹೆಂಡತಿ ಮೂಕಿಯಾದಳು. ಬೆಳಿಗ್ಗೆ ‘ಹೂಂ’, ಸಂಜೆ ‘ಊಹೂಂ’. ಬಡಗಿಗೆ ಅದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಹಸುಗಳ ಹತ್ತಿರ ಹೇಳಿಕೊಂಡ. ನೋಟೀಸಿನ ಗಡುವಿಗೆ ಒಂಬತ್ತು ದಿನ ಉಳಿದಿದ್ದಾಗ ಟಪಾಲು ಬಂತು. ಭಾವಮೈದುನನನ್ನೂ ಕರೆಸಿದರು. ಹೆಂಡತಿ ನಿಂತುಕೊಂಡೇ ಓದಿದಳು.

ಮೊದಲನೇ ಪ್ಯಾರಾದಲ್ಲಿ ನಡುತೊಲೆ ನೂರು ವರ್ಷಕ್ಕಿಂತ ಹಳೆಯದೆಂದು ಖಚಿತವಾಗಿದೆ, ಅದರ ದುರಸ್ತಿಯ ಪೂರ್ತಿ ಖರ್ಚು ಮಂಜೂರಾಗಿದೆ, ಅಲ್ಲಿಯವರೆಗೆ ಕೆಡವುವ ನೋಟೀಸನ್ನು ತಡೆಹಿಡಿಯಲಾಗಿದೆ ಎಂದಿತ್ತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವಮೈದುನ ಅರ್ಜಿ ಬರೆದವನು ತಾನೆಂದು ಎದೆಯುಬ್ಬಿಸಿದ. ಬಡಗಿ ಮಾತ್ರ, “ಇನ್ನೂ ಇದೆಯಲ್ಲ, ಓದು” ಎಂದ.

“ಉಳಿದ ನಲವತ್ತೈದು ಮರಗಳು ಅರ್ಜಿದಾರರ ಸ್ವಂತ ಕೈಕೆಲಸವೆಂದು ಸ್ಥಳದಲ್ಲಿ ರುಜುವಾತಾಗಿದ್ದು, ಪರಿಣತರಿಗೂ ಅವನ್ನು ಹಳೆಯ ಕೆಲಸದಿಂದ ಬೇರ್ಪಡಿಸಿ ಗುರುತಿಸಲು ಸಾಧ್ಯವಾಗದಿದ್ದರೂ, ಅವು ಅನುದಾನಕ್ಕೆ ಅರ್ಹವಲ್ಲವೆಂದು ತಿರಸ್ಕರಿಸಲಾಗಿದೆ.”

“ಇನ್ನೊಂದ್ಸಲ ಓದು.”

ಓದಿದಳು.

“ಅಯ್ಯೋ ಭಾವ, ಅದು ತಿರಸ್ಕಾರ ಕಣ್ರೀ! ಸಂತೋಷಪಡೋ ಪ್ಯಾರಾ ಮೇಲಿದೆ!”

“ಮೇಲಿಂದು ಮುತ್ತಾತಂಗೆ. ಇದು ನಂಗೆ,” ಎಂದ ಬಡಗಿ. “ಠಸ್ಸೆ ಇದೆಯಾ?”

“ಇದೆ. ದುಂಡಗಿನದು.”

ಅಷ್ಟರಲ್ಲಿ ಪಕ್ಕದ ಬೀದಿಯ ಹೆಂಗಸು ಹಾಲಿಗೆ ಚೊಂಬು ಹಿಡಿದು ಬಾಗಿಲಿಗೆ ಬಂದಳು. ಬಡಗಿ ಕೂತಲ್ಲಿಂದ ಎದ್ದು, ಅವಳಿಗೆ ತಾನೇ ಕುರ್ಚಿ ಎಳೆದು ಹಾಕಿದ.

“ಬಾ ತಾಯಿ, ಕೂತ್ಕೋ. ಹಾಲು ಆಮೇಲೆ ಹಾಕಿದ್ರಾಯ್ತು. ಲೇ ಇವಳೇ, ಆ ತಿರಸ್ಕಾರ ಸ್ವಲ್ಪ ಗಟ್ಟಿಯಾಗಿ ಓದು.”