ದೀಪ ಹಚ್ಚಿದ ಮೇಲಿನ ಸಾಫ್ಟಿ

ಸೊಲ್ಲಾಪುರದ ಕಂಪನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದವಳು ನಾನು. ತರಬೇತಿಗೆ ಹೋದವಳು ವೈನಿ.

ಆಳಂದದ ಬಸ್ ನಿಲ್ದಾಣದ ಎದುರಿಗೇ ನಮ್ಮ ಮನೆ. ಅಪ್ಪ, ಅವ್ವ ಸರಸಂಬಾದ ಹೊಲದ ಮನೆಯಲ್ಲಿರುತ್ತಿದ್ದರು. ಆಳಂದದಲ್ಲಿ ಇದ್ದವರು ನಾವು ನಾಲ್ವರು: ಅಪ್ಪನ ತಾಯಿ ಗುರುಬಾಯಿ, ಅವಳನ್ನು ನಾವೆಲ್ಲ ಆಯಿ ಅನ್ನುತ್ತಿದ್ದೆವು, ಅಣ್ಣ ದೌಲತರಾಯ, ಅವನ ಹೆಂಡತಿ ಅಮೃತ, ನನ್ನ ವೈನಿ, ಆಮೇಲೆ ಗುಲ್ಬರ್ಗಾದಲ್ಲಿ ಬಿ.ಎ. ಮುಗಿಸಿ ಬಂದು, ನೋಡಲು ಬಂದ ವರಗಳಿಗೆ ಚಹಾ ಕೊಡುತ್ತ ಕೂತಿದ್ದ ನಾನು, ಹೀರಾ.

ತೊಂಬತ್ತೆರಡರ ಬೇಸಿಗೆಯಲ್ಲಿ ಅಣ್ಣ ಸೊಲ್ಲಾಪುರದಲ್ಲಿ ಸಾಫ್ಟಿ ತಿಂದು ಬಂದ. ಹಿಡಿಕೆ ಎಳೆದರೆ ಮಷೀನಿನಿಂದ ಬೆಣ್ಣೆಯ ಹಾಗೆ ಐಸ್‌ಕ್ರೀಮು ಇಳಿಯುತ್ತದೆ, ಬಿಸ್ಕೀಟಿನ ಕೋನಿನಲ್ಲಿ ಸುತ್ತಿ ಸುತ್ತಿ ಗೋಪುರ ಕಟ್ಟುತ್ತಾರೆ ಎಂದು ಕೈಯಲ್ಲಿ ಅಭಿನಯಿಸಿ ತೋರಿಸಿದ. ಆ ಕಂಪನಿ ಸಣ್ಣ ಊರುಗಳಿಗೂ ಕೌಂಟರ್ ಕೊಡುತ್ತಿತ್ತು. ಹೆಸರು, ಮಷೀನು, ಅದಕ್ಕೆ ಸುರಿಯುವ ಹಾಲಿನ ಮಿಕ್ಸು ಅವರದು. ಜಾಗ, ಕರೆಂಟು, ದುಡಿಮೆ ನಮ್ಮದು. ಮುಂದಿನ ಪಡಸಾಲೆಗೆ ಬಿಳಿ ಟೈಲ್ಸ್ ಹಾಕಿಸಬೇಕು, ನಲ್ಲಿ ತರಬೇಕು, ಸ್ಟೆಬಿಲೈಜರ್ ಕೊಳ್ಳಬೇಕು, ಬೋರ್ಡಿನ ಬಣ್ಣಕ್ಕೂ ನಾವೇ ಕೊಡಬೇಕು. ಎಲ್ಲಕ್ಕಿಂತ ಮೊದಲು ಡಿಪಾಜಿಟ್ಟು. ಮನೆಯ ಒಬ್ಬರು ಸೊಲ್ಲಾಪುರಕ್ಕೆ ಹೋಗಿ ಹತ್ತು ದಿನ ಕಲಿತು ಬರಬೇಕು, ಅದರ ಫೀಸು ಬೇರೆ.

ತೊಗರಿ ಮಾರಿದ ದುಡ್ಡು ಸಾಲಲಿಲ್ಲ. ವೈನಿ ಒಳಗೆ ಹೋಗಿ ತನ್ನ ಬಂಗಾರದ ಪಾಟ್ಲಿ ಬಳೆಗಳನ್ನು ಬಿಚ್ಚಿ ತಂದು ಅಣ್ಣನ ಮುಂದಿಟ್ಟಳು. ಆಕೆಯ ಬೋಳು ಕೈ ನೋಡಿ ಎಲ್ಲರ ಕಣ್ಣೂ ತುಂಬಿದವು. ನಾನು ಬೇಗಬೇಗನೆ, "ನನ್ನೂ ಅದಾವಲ್ಲ, ತಗೋರಿ" ಅಂದೆ.

ಆಯಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನಿನ್ನ ಬಂಗಾರ ನಿನ್ನ ಗಂಡನ ಮನೀದು ಬೇ. ಅದಕ್ಕ್ಯಾಕ ಕೈ ಹಚ್ತಿ?"

ತ್ಯಾಗ ಮಾಡುವುದಕ್ಕೂ ಒಂದು ಪಾಳಿ ಇರುತ್ತದೆ, ಅದರಲ್ಲೂ ನಾನು ಹಿಂದೆ ಬಿದ್ದೆ.

ಪತ್ರ ಬರೆಯುವಾಗ ತರಬೇತಿಗೆ ಬರುವವರ ಹೆಸರಿನ ಜಾಗಕ್ಕೆ ಬಂದು ಪೆನ್ನು ಎತ್ತಿ ಹಿಡಿದೆ. ಬಿ.ಎ. ಓದಿದವಳು ನಾನು. ಇಂಗ್ಲಿಷು ಬರೆಯುವವಳು ನಾನು. ನಿನ್ನ ಹೆಸರೇ ಬರಿ ಎಂದು ಅಣ್ಣ ಅಂದುಬಿಡುತ್ತಾನೆ ಅಂತ ಕಾದೆ. ನಾನಾಗಿ ಅನ್ನಲು ಬಾಯಿ ಬರಲಿಲ್ಲ. ಯಾವತ್ತೂ ಬರುತ್ತಿರಲಿಲ್ಲ.

"ಅಮೃತಾ ಅಂತ ಬರಿ," ಅಂದ ಅಣ್ಣ. "ಅಕೀ ತವರಮನಿ ಅಲ್ಲೇ ಅದ, ಇರೂ ಖರ್ಚ್ ಉಳೀತದ. ಮರಾಠಿ ಬರ್ತದ. ನಾಕ್ ಮಂದಿ ಜೋಡಿ ಮಾತಾಡೂ ಧೈರ್ಯ ಅದ. ನೀ ಅಂತೂ ಬಿಡವಾ, ಕಂಡಕ್ಟರ್‌ಗಿ ಚಿಲ್ಲರ ಕೇಳೂದಕ್ಕೂ ನಾಚ್ತಿ."

ವೈನಿ ಮ್ಯಾಟ್ರಿಕ್ಕಿನಲ್ಲಿ ನಪಾಸಾದವಳು. ಅವಳ ಹೆಸರನ್ನು ನನ್ನ ಚೆಂದದ ಅಕ್ಷರದಲ್ಲಿ ಬರೆದೆ.

ತರಬೇತಿ ಮುಗಿಸಿ ಬಂದಾಗ ಅವಳ ತಲೆಯ ಮೇಲೆ ಬಿಳಿ ಟೊಪ್ಪಿಗೆ ಇತ್ತು. ಸೆರಗನ್ನು ಅದರ ಮೇಲೆ ಎಳೆದುಕೊಂಡೇ ಬಸ್ಸಿನಿಂದ ಇಳಿದಳು. ಅಂದಿನಿಂದ ಮನೆಯಲ್ಲಿ ಅವಳದೇ ಮಾತು. ಕೋನನ್ನು ಓರೆ ಹಿಡಿಯಬಾರದು. ಎರಡೂವರೆ ಸುತ್ತು, ಆಮೇಲೆ ಮಣಿಕಟ್ಟು ಜಾಡಿಸಿದರೆ ಮೇಲೊಂದು ಬಾಲ ಬರಬೇಕು. ದಿನಾ ಬಿಸಿನೀರಿನಲ್ಲಿ ಮಷೀನು ತೊಳೆಯಬೇಕು. ಡಬ್ಬಿ ತೆರೆದ ಮಿಕ್ಸನ್ನು ಮರುದಿನಕ್ಕೆ ಇಡಬಾರದು. ಮಷೀನಿನ ಒಳಗೆ ಕಂಪನಿ ಕೊಟ್ಟಿದ್ದನ್ನು ಬಿಟ್ಟು ಒಂದು ಏಲಕ್ಕಿಯನ್ನೂ ಹಾಕಬಾರದು. ಹಾಕಿದ್ದು ಗೊತ್ತಾದರೆ ಕೌಂಟರ್ ವಾಪಸು.

"ಮೊದಲನೇ ದಿನಾನೇ ಸಲೀಸ್ ಬಂತೇನ ವೈನಿ?" ಎಂದು ಕೇಳಿದೆ.

"ಅದರಾಗೇನದ! ಕೈ ತಾನಾಗೇ ತಿರಗ್ತದ," ಎಂದು ನಕ್ಕಳು.

ಮಷೀನು ಬಂದ ಮೇಲೆ, ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿಗೆ, ನಾನೊಂದು ಖಾಲಿ ಕೋನು ಹಿಡಿದು ಅಡುಗೆಮನೆಯಲ್ಲಿ ನಿಂತು ಮಣಿಕಟ್ಟು ತಿರುಗಿಸುತ್ತಿದ್ದೆ. ಎರಡೂವರೆ ಸುತ್ತು, ಆಮೇಲೆ ಒಮ್ಮೆ ಜಾಡಿಸುವುದು. ಗಾಳಿಯಲ್ಲಿ ನನ್ನ ಸಾಫ್ಟಿ ಯಾವತ್ತೂ ನೆಟ್ಟಗೇ ನಿಲ್ಲುತ್ತಿತ್ತು.

ಕೌಂಟರ್ ತೆರೆದ ದಿನ ಮಧ್ಯಾಹ್ನವೆಲ್ಲ ತಹಸೀಲ್ ಕಚೇರಿಗೆ ಬಂದ ರೈತರು, ಸಾಲೆಯ ಹುಡುಗರು. ಸಂಜೆ ಸೊಲ್ಲಾಪುರದ ಬಸ್ಸು, ಅಫಜಲಪುರದ ಬಸ್ಸು ಒಟ್ಟಿಗೆ ಬಂದು ನಿಂತಾಗ ನಿಜವಾದ ಗದ್ದಲ ಶುರುವಾಯಿತು. ವೈನಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಕೋನು ಹಿಡಿದು, "ಬರ್ರಿ ಕಾಕಾ, ಮೂಗಿಗಿ ಹತ್ತಾಂಗ ತಿನ್ನಬ್ಯಾಡ್ರಿ" ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಆಗ ದೇವರ ಕೋಣೆಯಲ್ಲಿ ದೀಪ ಹಚ್ಚಿ ಬಂದ ಆಯಿ ಪಡಸಾಲೆಯ ಹೊಸ್ತಿಲ ಮೇಲೆ ಕೂತಳು.

"ಅಮೃತಾ, ಸಾಕ್ ಮಾಡು. ದೀಪ ಹಚ್ಚೀನಿ."

"ಮಂದಿ ನಿಂತಾರ್ರಿ ಆಯಿ."

"ನಿಂತ್ರ ನಿಲ್ಲಲಿ. ದೀಪ ಹಚ್ಚಿದ ಮ್ಯಾಲ ಹಾಲು, ಮಸರು, ಉಪ್ಪು, ಬೆಳ್ಳಂದು ಯಾವುದೂ ಮನಿ ದಾಟಬಾರದು. ಲಕ್ಷ್ಮಿ ಒಳಗ ಬರೂ ಹೊತ್ತಿನಾಗ ಹೊರಗ ಕಳಸ್ತೀಯೇನು?"

"ಇದು ಹಾಲಲ್ರಿ, ಸಾಫ್ಟಿ."

"ಬೆಳ್ಳಗ ಅದನೋ ಇಲ್ಲೋ?"

ಸಾಲಿನಲ್ಲಿದ್ದ ಯಾರೋ, "ಪಕ್ಕಾ ಬೆಳ್ಳಗ ಅದ ನೋಡ್ರಿ ಆಯಿ!" ಎಂದು ಕೂಗಿದರು. ಎಲ್ಲರೂ ನಕ್ಕರು.

ಅಣ್ಣ ಮೆಲ್ಲಗೆ, "ಆಯಿ, ರಾತ್ರಿತನಕ ತೆರೆದಿಡಬೇಕಂತ ಕಂಪನಿ ರೂಲು..." ಅಂದ.

"ಕಂಪನಿ ಬಂದು ದೀಪ ಹಚ್ಚತದೇನೋ ದೌಲತ್ಯಾ ನಮ್ಮ ಮನಿಯಾಗ?"

ಮನೆ ಆಯಿಯ ಹೆಸರಿನಲ್ಲಿತ್ತು. ವೈನಿ ಮಷೀನು ಬಂದ್ ಮಾಡಿದಳು.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಬಸ್ಸುಗಳು ಬರುವ ಹೊತ್ತಿಗೆ ಸರಿಯಾಗಿ ಆಯಿ ದೀಪ ಹಚ್ಚುವಳು. ಉಳಿದ ಮಿಕ್ಸನ್ನು ವೈನಿ ಮೋರಿಗೆ ಸುರಿಯುವಳು. ಮಾವಿನ ಹಳದಿ ಮಿಕ್ಸು ಕೊಡಿ ಎಂದು ಕಂಪನಿಯನ್ನು ಕೇಳಿ ನೋಡಿದರು. ಅದು ದೊಡ್ಡ ಊರಿನ ಕೌಂಟರುಗಳಿಗೆ ಮಾತ್ರ ಅಂದರು ಕಂಪನಿಯವರು. ಎರಡು ತಿಂಗಳಲ್ಲಿ ಮಾರಾಟ ಏಳದಿದ್ದರೆ ಮಷೀನು ಅಫಜಲಪುರಕ್ಕೆ. ಅಲ್ಲಿ ಒಬ್ಬರು ಕಾದು ನಿಂತಿದ್ದರು. ಅಣ್ಣನ ಮುಖ ಬಾಡಿತು. ವೈನಿಯ ನಗು ಕಡಿಮೆಯಾಯಿತು. ನಾನು ಮಾತ್ರ ಆ ದಿನಗಳಲ್ಲಿ ಎರಡು ರೊಟ್ಟಿ ಹೆಚ್ಚು ತಿಂದೆ.

ಯಾಕೆಂದರೆ ಇದರ ಉಪಾಯ ನನಗೆ ಗೊತ್ತಿತ್ತು.

ಪಕ್ಕದ ಮನೆಯ ಸುಲ್ತಾನಬಿ ದಿನವೂ ದೀಪ ಹಚ್ಚಿದ ಮೇಲೆಯೇ ಹಿತ್ತಲ ಬಾಗಿಲಿಗೆ ಬಂದು ಗಿಂಡಿ ಚಾಚುವಳು. "ಹೀರಾಬೇಟಿ, ಮೊಮ್ಮಗಗ ಥೋಡೆ ಹಾಲು ಹಾಕವಾ." ನಾನು ನಮ್ಮ ಎಮ್ಮೆಯ ಹಾಲನ್ನು ಅಳೆದು, ಅದರೊಳಗೆ ಒಂದು ಚಿಟಿಕೆ ಅರಿಶಿಣ ಉದುರಿಸಿ ಕೊಡುತ್ತಿದ್ದೆ. ಅರಿಶಿಣ ಬಿದ್ದರೆ ಹಾಲು ಬಿಳಿಯದಲ್ಲ, ಲಕ್ಷ್ಮಿಯೂ ಹೊರಗೆ ಹೋಗುವುದಿಲ್ಲ. ನಾನು ಸಣ್ಣವಳಿದ್ದಾಗ ಹೀಗೆ ಕಲಿಸಿದವಳು ಆಯಿಯೇ. ಆದರೆ ಸಾಫ್ಟಿಗೂ ಅದನ್ನೇ ಮಾಡಿ ಎಂದು ಅವಳಾಗಿ ಯಾಕೆ ಹೇಳುತ್ತಾಳೆ? ಆ ಮಷೀನಿನ ಗುರುಗುರು ಸದ್ದೇ ಅವಳಿಗೆ ಬೇಡವಾಗಿತ್ತು. ವೈನಿಗೆ ಹಿತ್ತಲ ಬಾಗಿಲಿನ ವ್ಯವಹಾರ ತಿಳಿಯದು. ಮೊದಲು ಆ ಹೊತ್ತಿಗೆ ಅವಳು ರೊಟ್ಟಿ ಬಡಿಯುತ್ತಿದ್ದಳು, ಈಗ ಟೊಪ್ಪಿಗೆ ಹಾಕಿಕೊಂಡು ಮುಂದೆ ಮಷೀನು ತೊಳೆಯುತ್ತಿದ್ದಳು.

ಮಷೀನಿನೊಳಗೆ ಅರಿಶಿಣ ಹಾಕುವಂತಿಲ್ಲ, ಅದೂ ಗೊತ್ತಿತ್ತು. ಆದರೆ ಖಾಲಿ ಕೋನು ಹಿಡಿದು ಆಡಿದವಳಿಗೆ ಕೋನಿನ ತಳ ಗೊತ್ತಿರುತ್ತದೆ. ಅಲ್ಲೊಂದು ಸಣ್ಣ ಗುಳಿ ಇರುತ್ತದೆ, ಚಿಟಿಕೆ ಅರಿಶಿಣ ಹಿಡಿಯುವಷ್ಟು.

ಕೇಳಲಿ, ಹೇಳುತ್ತೇನೆ ಅಂದುಕೊಂಡೆ. ಟ್ರೇನಿಂಗ್ ಆದವರು ಅವರು, ಕೇಳಲಿ. ಯಾರೂ ಕೇಳಲಿಲ್ಲ. ಪಾಟ್ಲಿ ಇಲ್ಲದ ಕೈಯಿಂದ ವೈನಿ ಮಿಕ್ಸು ಚೆಲ್ಲುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ.

ಎರಡನೆಯ ತಿಂಗಳ ಕೊನೆಗೆ ಕಂಪನಿಯ ಖಂಡಪ್ಪ ಬಂದರು. ಸೊಲ್ಲಾಪುರದ ಕನ್ನಡ ಮಂದಿ, ದೊಡ್ಡ ಹೊಟ್ಟೆ, ಸಣ್ಣ ದನಿ. ಅವರು ಬಂದಿದ್ದು ಸರಿಯಾಗಿ ಆಯಿ ಹೊಸ್ತಿಲ ಮೇಲೆ ಕೂತ ಹೊತ್ತಿಗೆ. ಬಸ್ಸಿನಿಂದ ಇಳಿದ ಮಂದಿ ಬಂದು, ಆಯಿಯನ್ನು ನೋಡಿ, ಹಾಗೇ ಹೊಳ್ಳಿ ಹೋಗುವುದನ್ನು ಕಣ್ಣಾರೆ ಕಂಡರು.

"ಹಿಂಗಾದ್ರ ಹ್ಯಾಂಗ್ರಿ ದೌಲತರಾಯರ? ಸೋಮವಾರ ಗಾಡಿ ಕಳಸ್ತೇವಿ. ಮಷೀನ್ ಬಿಚ್ಚಿ ಇಡ್ರಿ."

ವೈನಿ ತಲೆಯ ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಮಿಕ್ಸಿನ ಡಬ್ಬಿಯ ಮೇಲೆ ಕುಸಿದು ಕೂತಳು. "ನನ್ನ ಪಾಟ್ಲಿ ಹ್ವಾದುವು," ಅಂದಳು. ಅಷ್ಟೇ.

ಮೊದಲು ನನಗೆ ಸಾಫ್ಟಿ ತಿಂದಷ್ಟು ತಂಪಾಯಿತು. ಆಮೇಲೆ ಮಷೀನು ಹೋದ ಪಡಸಾಲೆ ಕಣ್ಣಿಗೆ ಬಂತು. ಬರೀ ಬಿಳಿ ಟೈಲ್ಸು, ಅದರ ಮೇಲೆ ಚಾಪೆ, ಚಾಪೆಯ ಮೇಲೆ ನನ್ನನ್ನು ನೋಡಲು ಬಂದವರು. ಮಷೀನೇ ಇಲ್ಲದಿದ್ದರೆ ಇನ್ನು ಯಾರಿಗೂ ಯಾವ ತರಬೇತಿಯೂ ಇಲ್ಲ. ವೈನಿ ಸೋತರೆ ಅವಳ ಜಾಗ ನನಗೆ ಸಿಗುವುದಿಲ್ಲ, ಜಾಗವೇ ಇರುವುದಿಲ್ಲ.

"ಆಯಿ," ಅಂದೆ. ಯಾರಿಗೂ ಕೇಳಿಸಲಿಲ್ಲ. ಹೊಸ್ತಿಲ ಹತ್ತಿರ ಬಂದು ಮತ್ತೆ ಅಂದೆ. "ಆಯಿ, ಸುಲ್ತಾನಬಿಗಿ ದಿನಾ ಹಾಲು ಹ್ಯಾಂಗ್ ಕೊಡ್ತೇವಿ?"

"ಅರಿಶಿಣ ಹಾಕಿ ಕೊಡ್ತೇವಿ. ಅದಕ್ಕೇನೀಗ?"

ಒಳಗೆ ಓಡಿ ಅರಿಶಿಣದ ಡಬ್ಬಿ ತಂದೆ. ಒಂದು ಕೋನು ತೆಗೆದು ತಳಕ್ಕೆ ಚಿಟಿಕೆ ಉದುರಿಸಿ ವೈನಿಯ ಮುಂದೆ ಹಿಡಿದೆ. "ಈಗ ಹಾಕ್ರಿ." ವೈನಿ ನನ್ನ ಮುಖವನ್ನೊಮ್ಮೆ, ಕೋನಿನ ಒಳಗನ್ನೊಮ್ಮೆ ನೋಡಿ, ಎದ್ದು ಹಿಡಿಕೆ ಎಳೆದಳು. ಎರಡೂವರೆ ಸುತ್ತು, ಮೇಲೊಂದು ಬಾಲ. ದುಃಖದಲ್ಲೂ ಅವಳ ಕೈ ತಪ್ಪಲಿಲ್ಲ, ಅದನ್ನೂ ಗಮನಿಸಿದೆ.

"ಬಾಯಾರ, ಮಷೀನಿನಾಗ ಏನೂ ಕಲಸಬಾರದು," ಅಂದರು ಖಂಡಪ್ಪ.

"ಮಷೀನಿನಾಗ ಕಲಸಿಲ್ರಿ. ಕೋನಿನಾಗ ಹಾಕೀನಿ," ಅಂದೆ. ಪರಗಂಡಸರಿಗೆ ಅಷ್ಟು ಉದ್ದದ ಮಾತು ನಾನು ಆಡಿದ್ದು ಅದೇ ಮೊದಲು.

ಅವರು ಕೋನು ಇಸಿದುಕೊಂಡು ತಿಂದರು. ನಾವೆಲ್ಲ ಅವರ ಬಾಯಿ ನೋಡುತ್ತ ನಿಂತೆವು. ಕೊನೆಯ ತುತ್ತಿಗೆ ತುಟಿ ಹಳದಿಯಾಯಿತು. "ಮಷೀನಿಗಿ ಹತ್ತಂಗಿಲ್ಲ," ಅಂದರು. "ರುಚಿ ಏನ್ ಕೆಟ್ಟಿಲ್ಲ."

ನಾವೀಗ ಆಯಿಯ ಕಡೆ ತಿರುಗಿದೆವು. ಅವಳು ಆ ಹಳದಿ ತುಟಿಯನ್ನೇ ನೋಡಿದಳು. ತಾನೇ ಕಲಿಸಿದ ಮಾತನ್ನು ತಾನೇ ಹೇಗೆ ಮುರಿದಾಳು?

"ಅರಿಶಿಣ ಬಿತ್ತಲ್ಲ," ಎಂದು ಕೋಲೂರಿ ಎದ್ದಳು. "ಇನ್ ಬೇಕಾದ್ರ ಊರಿಗೆಲ್ಲ ಹಂಚ್ರಿ. ಆದ್ರ ಒಂದರಾಗ ಮರತ್ರೂ ನಾ ಬಂದು ಕೂಡ್ತೇನಿ ಮತ್ತ."

ಖಂಡಪ್ಪ ತುಟಿ ಒರೆಸಿಕೊಂಡರು. "ಇನ್ನೊಂದ್ ತಿಂಗಳು ನೋಡೋಣು. ಆದ್ರ ಈ ಸಂಜಿ ಗದ್ದಲಕ್ಕ ಒಬ್ರು ಸಾಲಂಗಿಲ್ಲ. ಇನ್ನೊಬ್ರು ಟ್ರೇನಿಂಗ್ ಮಾಡ್ಕೊಂಡು ಬರಬೇಕಾಗ್ತದ. ಯಾರ್ನ ಕಳಸ್ತೀರಿ?"

"ನಾ ಹೋಗ್ತೇನಿ," ಅಂದೆ ನಾನು.

"ಹೀರಾ ಹೋಗ್ಲಿ," ಅಂದಳು ವೈನಿ.

ಇಬ್ಬರೂ ಒಂದೇ ಉಸಿರಿಗೆ ಅಂದಿದ್ದು. ನನ್ನ ದನಿ ಅವಳ ದನಿಯ ಕೆಳಗೆ ಮುಚ್ಚಿಹೋಯಿತು. ಅಣ್ಣ ಹೆಂಡತಿಯನ್ನು ನೋಡಿದ ರೀತಿ ನೋಡಬೇಕಿತ್ತು. ಹಿತ್ತಲ ಬಾಗಿಲಿಗೆ ಬಂದಿದ್ದ ಸುಲ್ತಾನಬಿ ಕೂಡ, "ಅಮೃತಾಂದು ದಿಲ್ ದೊಡ್ಡದು ನೋಡ್ರಿ, ನಾದನಿಗಿ ಮುಂದ ಮಾಡ್ತಾಳ" ಅಂದಳು. ಅರಿಶಿಣ ತಂದವಳು ನಾನು. ಹೋಗುತ್ತೇನೆ ಎಂದು ಬಾಯಿಬಿಟ್ಟು ಅಂದವಳೂ ನಾನು. ಆದರೂ ನನ್ನ ತರಬೇತಿ ವೈನಿ ಕೊಟ್ಟ ಉಡುಗೊರೆಯಾಗಿ ನನ್ನ ಕೈಗೆ ಬಂತು.

ಸೊಲ್ಲಾಪುರದ ಬಸ್ಸು ಹತ್ತುವಾಗ ವೈನಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಟೊಪ್ಪಿಗೆಯನ್ನು ಒಗೆದು ಮಡಚಿ ಚೀಲದಲ್ಲಿ ಇಟ್ಟಿದ್ದಳು. "ಅಂಜಬ್ಯಾಡ ಹೀರಾ, ಸಲೀಸ್ ಅದ." ಬಸ್ಸು ದಾರಿಯ ಖಜೂರಿ ಊರು ದಾಟುವವರೆಗೂ ಆ ಮಾತನ್ನೇ ಮೆಲುಕು ಹಾಕಿದೆ. ಇಳಿದುಕೊಂಡಿದ್ದು ಅವಳ ತವರಿನಲ್ಲಿ. ಗೋಡೆಯ ಮೇಲೆ ಅವಳ ಫೋಟೋ, ಊಟಕ್ಕೆ ಕೂತರೆ ಅವಳ ಗುಣಗಾನ.

ಮರುದಿನ ಕಂಪನಿಯಲ್ಲಿ ಕಲಿಸುವ ಟೀಚರು, ಎಲ್ಲರೂ ಕರೆಯುವಂತೆ ಬಾಯಿಯವರು, ನನ್ನನ್ನು ನೋಡುತ್ತಲೇ, "ಆಳಂದದ ಅಮೃತಾನ ನಾದನಿ ಅಲ್ಲೇನು? ಬಾ, ಅಕೀ ಕೈ ನಿನಗೂ ಬಂದದೇನು ನೋಡೋಣ" ಅಂದರು.

ಟೊಪ್ಪಿಗೆ ಹಾಕಿಕೊಂಡು ಹಿಡಿಕೆ ಎಳೆದೆ. ಗಾಳಿಯಲ್ಲಿ ನೂರಾರು ಸಲ ಮಾಡಿದ್ದನ್ನೇ ಮಾಡಿದೆ. ಒಂದು ಸುತ್ತು ಚೆಂದ ಬಂತು. ಎರಡನೆಯದು ಜಾರಿತು. ಬಾಲ ಬರುವ ಮೊದಲೇ ಗೋಪುರ ಎಡಕ್ಕೆ ವಾಲಿ ನನ್ನ ಬೆರಳ ಮೇಲೆ ಇಳಿಯತೊಡಗಿತು. ಪಕ್ಕದಲ್ಲಿದ್ದ ಹುಡುಗಿಯರು ನಕ್ಕರು. ಮುಖ ಕಾದ ಹಂಚಾಯಿತು.

"ಇರಲಿ ಬಿಡವಾ," ಅಂದರು ಬಾಯಿಯವರು. "ನಿಮ್ಮ ವೈನೀದೂ ಮೊದಲನೇ ದಿನ ಹಿಂಗೇ ವಾಲಿತ್ತು. ಎರಡನೇ ದಿನಾನೂ. ಅತ್ಕೋತ ಮನಿಗಿ ಹೊಂಟಿದ್ಲು, ನಾನೇ ತಡದೀನಿ."

"ಖರೇನ್ರಿ?"

"ಖರೇನ. ಯಾಕ, ಅಕೀ ಹೇಳಿಲ್ಲೇನು?"

ಹೇಳಿರಲಿಲ್ಲ. ವಾಲಿದ ಸಾಫ್ಟಿಯನ್ನು ಚೆಲ್ಲಲು ಮೂಲೆಯಲ್ಲೊಂದು ಬಕೇಟು ಇತ್ತು. ನಾನು ಚೆಲ್ಲಲಿಲ್ಲ. ಎಲ್ಲರೂ ನೋಡುತ್ತಿರುವಾಗಲೇ ಮಷೀನಿನ ಪಕ್ಕ ನಿಂತು, ಬೆರಳಿನ ಮೇಲೆ ಇಳಿದದ್ದನ್ನೂ ಬಿಡದೆ, ಕೋನಿನ ತಳದವರೆಗೆ ತಿಂದೆ. ತಳದಲ್ಲಿ ಅರಿಶಿಣ ಇರಲಿಲ್ಲ. ಬಾಯಿ ಒರೆಸಿಕೊಂಡು ಇನ್ನೊಂದು ಕೋನು ಕೇಳಿದೆ.