ಖಾಲಿ ಕರೋ

ಆ ಇಂಜಿನಿಯರನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಕೈ ತೊಳೆಯಬೇಕಾಗುತ್ತದೆ. ವರ್ಷಕ್ಕೆರಡು ಸಲ ಸಾಂಗಲಿಯಿಂದ ಬಂದು, ಮರಾಠಿ ಸೀಮೆಗೆ ಸೇರಿದ ಜತ್ತದ ನಮ್ಮ ಕಾಲೇಜಿನ ಸರ್ವರಿನ ಮುಂದೆ ಕುಳಿತು, ತಂಬಾಕಿನ ಮಾವಾ ತಿಕ್ಕಿದ ಬೆರಳಿನಿಂದಲೇ ಕೀಲಿಮಣೆ ಒತ್ತಿ ಹೋಗುತ್ತಿದ್ದ. ಹೋದ ಮೇಲೆ ಒದ್ದೆ ಬಟ್ಟೆ ಹಿಡಿದು ಒರೆಸುವವಳು ನಾನು.

ನಾನು ಅಲ್ಮಾಸ, ಬಿಳೂರಿನವಳು. ೨೦೦೬ರಲ್ಲಿ ಆ ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹಂಗಾಮಿ ಕೆಲಸ ನನ್ನದು. ಮಾರ್ಚಿನ ಕಮಿಟಿ ಸಭೆಯಲ್ಲಿ ಕಾಯಂ ಮಾಡುತ್ತೇವೆಂದು ಚೇರಮನ್ ಸೋಮನಿಂಗಪ್ಪನವರು ಹೇಳಿದ್ದರು. ಆ ಒಂದು ಮಾತು ನಂಬಿ ಎರಡು ವರ್ಷ ಇಲಿಹಿಕ್ಕೆ ಗುಡಿಸಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಕಾಲೇಜಿಗೆ ಸರ್ವರ್ ಬೇಕಾಗಿತ್ತು, ಇಟ್ಟದ್ದು ಮಾತ್ರ ಮುರಿದ ಬೆಂಚು, ಸೀಮೆಸುಣ್ಣದ ಡಬ್ಬಿಗಳ ಖೋಲಿಯಲ್ಲಿ.

ಆ ಸರ್ವರಿಗೆ ಮೌಸಿಲ್ಲ, ಚಿತ್ರಗಳಿಲ್ಲ. ಕಪ್ಪು ಪರದೆ, ಅದರಲ್ಲಿ ಮಿಣುಕುವ ಒಂದು ಗೆರೆ. ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಟೈಪು ಮಾಡಬೇಕು. ಸರಿಯೋ ತಪ್ಪೋ ಎಂದು ಅದು ಕೇಳುವುದಿಲ್ಲ, ಮಾಡಿಬಿಡುತ್ತದೆ.

ಮಾರ್ಚಿನ ಒಂದು ಸೋಮವಾರ ಬೆಳಿಗ್ಗೆ ಕರೆಂಟು ಹೋಗಿ ಬಂತು. ಸರ್ವರ್ ಬ್ಯಾಟರಿಯ ಮೇಲೆ ನಡೆದೇ ಇತ್ತು, ಆದರೆ ಆಫೀಸಿನ ಯಾವ ಕಂಪ್ಯೂಟರಿಗೂ ಸಿಗದಾಯಿತು. ಗುರುವಾರ ಹನ್ನೊಂದನೆಯ ತರಗತಿಯವರ ಪರೀಕ್ಷೆ. ತಿಕೋಂಡಿ, ಸೊರಡಿಯಿಂದ ಬಂದ ಮಕ್ಕಳು ಹಾಲ್ ಟಿಕೆಟ್ಟಿಗಾಗಿ ಕಿಟಕಿಯ ಮುಂದೆ ಸಾಲು ಹಚ್ಚಿದ್ದರು. ನಾನು ಸಾಂಗಲಿಗೆ ಫೋನು ಹಚ್ಚಿ, ಅಲ್ಮಾಸ ಮಾತಾಡುತ್ತಿದ್ದೇನೆ ಎಂದು ಮರಾಠಿಯಲ್ಲಿ ಹೇಳಿದೆ.

ಅವನು ಹಿಂದಿಗಿಳಿದ. ಯಾವಾಗಲೂ ಹಾಗೆಯೇ. ನಾನು ಮರಾಠಿ ಶಾಲೆಯಲ್ಲಿ ಹನ್ನೆರಡು ವರ್ಷ ಕಲಿತವಳು. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ. ಅವನಿಗೆ ಮಾತ್ರ ನನ್ನ ಹೆಸರು ಕೇಳಿದೊಡನೆ ಹಿಂದಿ ನೆನಪಾಗುತ್ತಿತ್ತು. ನನಗಾಗಿ ಮೆಟ್ಟಿಲಿಳಿದು ಬಂದವನ ಹಾಗೆ ಮಾತಾಡುವ ಆ ದನಿ ಕೇಳಿದರೆ ಮೈಯೆಲ್ಲ ಹೇಸುತ್ತಿತ್ತು.

"ನೆಟವರ್ಕ್ ಕಾರ್ಡ್ ಕೋ ಖಾಲಿ ಕರೋ, ಫಿರ್ ಊಪರ್ ಕರೋ" ಎಂದ, ಏನೋ ಅಗಿಯುತ್ತ.

ಆಜ್ಞೆಯ ಸಹಾಯದ ಪಟ್ಟಿ ತೆರೆದು ನೋಡಿದೆ. ಖಾಲಿ ಮಾಡಲು ಅಲ್ಲಿದ್ದದ್ದು ಒಂದೇ ಪದ, ಫ್ಲಶ್.

"ಪೂರಾ ಖಾಲಿ?" ಎಂದು ಕೇಳಿದೆ.

"ಹಾಂ, ಪೂರಾ!" ಎಂದು ರೇಗಿದ.

ಒತ್ತಿದೆ. ಕಾರ್ಡಿನ ವಿಳಾಸ, ಅಂದರೆ ಉಳಿದ ಕಂಪ್ಯೂಟರುಗಳು ಸರ್ವರನ್ನು ಹುಡುಕುವ ಅಂಕಿಗಳೆಲ್ಲ ಅಳಿಸಿಹೋದವು. ಅವನ್ನು ಅವನು ಯಾವ ಫೈಲಿನಲ್ಲೂ ಬರೆದಿಟ್ಟಿರಲಿಲ್ಲ, ನಮಗೂ ಕೊಟ್ಟಿರಲಿಲ್ಲ. ಕೊಟ್ಟರೆ ನಾವು ಅವನನ್ನು ಕರೆಯಬೇಕಾಗಿಲ್ಲವಲ್ಲ.

ಅವನು ಬಂದದ್ದು ಬುಧವಾರ. ಅಷ್ಟರಲ್ಲಿ ಮಕ್ಕಳು ಬರಿಗೈಯಲ್ಲಿ ಊರಿಗೆ ಹೋಗಿ, ಪರೀಕ್ಷೆ ಒಂದು ವಾರ ಮುಂದೆ ಹೋಗಿತ್ತು. ಎರಡು ನಿಮಿಷದಲ್ಲಿ ಸರಿಮಾಡಿ, ಚೇರಮನ್ನರನ್ನು ಕರೆದು ಪರದೆ ತೋರಿಸಿದ. ಕೊಟ್ಟ ಆಜ್ಞೆಯನ್ನೆಲ್ಲ ಸರ್ವರ್ ತಾನೇ ಬರೆದಿಡುತ್ತದೆ. ನಾನು ಫ್ಲಶ್ ಒತ್ತಿದ್ದು ಅಲ್ಲಿತ್ತು. ಅವನು ಫೋನಿನಲ್ಲಿ ಹೇಳಿದ್ದು ಇರಲಿಲ್ಲ.

"ಸಾಹೇಬ್ರು ಡೌನ್ ಮಾಡಂತ ಹೇಳಿದ್ರಂತ, ನೀ ಪೂರಾ ಅಳಿಸಿ ಕುಂತೀಯಂತ" ಎಂದರು ಸೋಮನಿಂಗಪ್ಪನವರು. "ಶುಕ್ರವಾರ ಸಭಾದಾಗ ನಿರ್ಣಯ ಆಗ್ತೈತಿ."

ಸಂಜೆ ಬಸ್ಸಿನಲ್ಲಿ ಮಂಕಾಗಿ ಕುಳಿತಿದ್ದೆ. ಬಿಳೂರು ಬಂದಾಗ ಕಂಡಕ್ಟರ್ ಮರಾಠಿಯಲ್ಲಿ ಕೂಗಿದ: "ಚಲಾ, ಖಾಲೀ ಉತರಾ!"

ನಾನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಮರಾಠಿಯಲ್ಲಿ ಖಾಲೀ ಅಂದರೆ ಕೆಳಗೆ, ಕಂಪ್ಯೂಟರಿನ ಮಾತಿನಲ್ಲಿ ಡೌನ್, ಬಂದ್ ಮಾಡು. ಹಿಂದಿಯಲ್ಲಿ, ನಮ್ಮ ದಖನಿಯಲ್ಲಿ, ಕನ್ನಡದಲ್ಲಿ ಬರಿದು. ಅವನು ಮರಾಠಿಯ ಮಾತನ್ನು ಹಿಂದಿಯೊಳಗೆ ತುರುಕಿ ನನಗೆ ಉಣಿಸಿದ್ದ. ಮರಾಠಿಯಲ್ಲೇ ಹೇಳಿದ್ದರೆ ನನಗೆ ಚಿಟಿಕೆ ಹೊಡೆಯುವಷ್ಟರಲ್ಲಿ ತಿಳಿಯುತ್ತಿತ್ತು. ಆಮೇಲೆ ಊಪರ್, ಮೇಲೆ ಮಾಡು, ಅಂದಾಗಲಾದರೂ ಹೊಳೆಯಬೇಕಿತ್ತು ಎಂದು ನನ್ನ ಮೇಲೂ ಹೇಸಿಗೆಯಾಯಿತು.

ಶುಕ್ರವಾರ ಸಭೆಯಲ್ಲಿ ಇದನ್ನೇ ಬಿಡಿಸಿ ಹೇಳಿದೆ. ಎಲ್ಲರೂ ನಕ್ಕರು.

"ಹಿಂದ್ಯಾಗ ಕೆಳಗ ಅನ್ನಾಕ ಯಾರರ ಖಾಲಿ ಅಂತಾರೇನು? ತಪ್ಪ ಮಾಡಿ ಭಾಷಾದ ಮ್ಯಾಲ ಹಾಕಬ್ಯಾಡವಾ" ಎಂದರು ಚೇರಮನ್.

ತನ್ನ ಹಿಂದಿ ಶುದ್ಧವಾಗಿದೆ, ಹಾಗೆಲ್ಲ ತಾನು ಮಾತಾಡುವುದೇ ಇಲ್ಲ ಎಂದು ಸಭೆಗೆ ಬಂದಿದ್ದ ಇಂಜಿನಿಯರ್ ಮರಾಠಿಯಲ್ಲಿ ಸಾಧಿಸಿದ. ನನ್ನನ್ನು ತೆಗೆಯುವ ನಿರ್ಣಯ ಬರೆಯಲು ಪುಸ್ತಕ ತೆರೆದರು. ಸಿಪಾಯಿ ಗುರಪ್ಪ ಚಹಾ ತಂದ. ಹತ್ತಿರವಿದ್ದವಳು ನಾನೆಂದು ಇಂಜಿನಿಯರನ ಕಪ್ಪನ್ನು ನನ್ನ ಕೈಗೇ ಕೊಟ್ಟ. ಅವನ ಮುಂದೆಲ್ಲ ಕಾಗದ ಹರಡಿದ್ದವು. ಕಪ್ಪನ್ನು ಅಲ್ಲಿ ಇಡಹೋದೆ.

ಅವನು ತಲೆ ಎತ್ತದೆ ಹೇಳಿದ: "ಅರೇ, ಕಾಗಜ್ ಪೇ ನಹೀಂ. ಖಾಲಿ ರಖೋ, ಖಾಲಿ."

ಖಾಲಿ ಇಡು ಎಂದನಲ್ಲ, ಚಹಾವನ್ನು ಕಿಟಕಿಯಾಚೆ ಸುರಿದೆ. ಬರಿದಾದ ಕಪ್ಪನ್ನು ಅವನ ಕಾಗದಗಳ ನಡುವೆ ಇಟ್ಟೆ.

"ಅಗಂ, ಖಾಲೀ! ಖಾಲೀ ಠೇವ ಮ್ಹಟಲಂ!" ಕೆಳಗಿಡು ಅಂದೆನಲ್ಲ ಎಂದು ಮರಾಠಿಯಲ್ಲಿ ಕಿರುಚಿ, ಬೆರಳಿನಿಂದ ನೆಲ ತೋರಿಸಿದ.

ಆ ಬೆರಳು ನೆಲದ ಕಡೆಗೇ ನಿಂತಿತು. ಸಭೆಯೆಲ್ಲ ಅದನ್ನೇ ನೋಡಿತು. ಮೊದಲು ನಕ್ಕವನು ಗುರಪ್ಪ.

ಸೋಮನಿಂಗಪ್ಪನವರು ಬರೆದ ಸಾಲನ್ನು ಹೊಡೆದುಹಾಕಿದರು. "ತಿಳೀತವಾ. ನೌಕರಿ ಕಾಯಂ. ಹೋಗು, ಸಾಹೇಬ್ರಿಗೆ ಇನ್ನೊಂದ ಚಾ ತಂದ ಕೊಡು."

ಸಂತೋಷವಾಗಬೇಕಿತ್ತು. ಆಗಲಿಲ್ಲ.

"ತರ್ತೀನ್ರಿ" ಎಂದೆ. "ಮೊದಲ ಸರ್ವರಿನ ಅಂಕಿ ಎಲ್ಲಾ ಬರದ ಕೊಡ್ಲಿ. ಆಮ್ಯಾಲ ಚಾ ಬೇಕಂದ್ರ ನನಗ ಮರಾಠಿಯಾಗ ಕೇಳ್ಲಿ."

ನನ್ನ ಪೆನ್ನು ಅವನ ಮುಂದಿಟ್ಟೆ. ಅವನು ಬರೆದ. ಚಹಾ ಕೇಳಲಿಲ್ಲ. ಕಾಗದವನ್ನು ಮಡಚಿ ಇಟ್ಟುಕೊಂಡೆ, ಅವನು ಮುಟ್ಟಿದ ಪೆನ್ನನ್ನು ಅಲ್ಲಿಯೇ ಬಿಟ್ಟು ಬಂದೆ.